ಪದ ಜಾಸ್ತಿ ಮಾಡಿದಷ್ಟೂ ಉತ್ತರ ಕೆಡುತ್ತಿದೆ: ಅವಕಲ ಸಮೀಕರಣಕ್ಕೆ ಟೇಲರ್ ಶ್ರೇಣಿ

ಚೆಟ್ಟಳ್ಳಿ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಅರೇಬಿಕಾ ಗಿಡದಲ್ಲಿ ಎಲೆ ತುಕ್ಕು ರೋಗ ಹೇಗೆ ಹರಡುತ್ತದೆ ಅನ್ನುವುದು ನನ್ನ ಪ್ರಾಜೆಕ್ಟ್. ಗಿಡಗಳ ರೋಗಕ್ಕೆ ಸಸ್ಯರೋಗ ವಿಜ್ಞಾನಿ ವಾನ್ ಡರ್ ಪ್ಲ್ಯಾಂಕ್ 1963ರಲ್ಲಿ ಬಳಸಿದ ಲಾಜಿಸ್ಟಿಕ್ ಸಮೀಕರಣದಿಂದಲೇ ಶುರು ಮಾಡಿದೆ.

ಯ ಅಂದರೆ ತುಕ್ಕು ತಗುಲಿದ ಎಲೆಗಳ ಪಾಲು. ಅದು 0 ಮತ್ತು 1ರ ನಡುವೆ ಇರಬೇಕು. ಸ ಅಂದರೆ ಸಮಯ, ಯ′ ಅಂದರೆ ಯ ಬದಲಾಗುವ ವೇಗ. ಸಮೀಕರಣ ಹೀಗಿದೆ:

ಯ′ = ಯ(1 − ಯ), ಸ = 0 ಆದಾಗ ಯ = 1/2

ಇದರ ನಿಖರ ಉತ್ತರ ಗೊತ್ತಿದೆ: ಯ = 1/(1 + ಇ^(−ಸ)), ಇಲ್ಲಿ ಇ ಅಂದರೆ 2.718… ಮುಂದೆ ಮಳೆ, ಔಷಧಿ ಸಿಂಪಡಣೆ ಎಲ್ಲ ಸೇರಿಸಿದರೆ ಇಂಥ ಉತ್ತರ ಸಿಗುವುದಿಲ್ಲ. ಹಾಗಾಗಿ ಉತ್ತರ ಗೊತ್ತಿರುವ ಕಡೆ ಮೊದಲು ವಿಧಾನವನ್ನು ಪರೀಕ್ಷೆ ಮಾಡೋಣ ಅಂದುಕೊಂಡೆ. ಯ = ಅ₀ + ಅ₁ಸ + ಅ₂ಸ² + … ಅಂತ ಟೇಲರ್ ಶ್ರೇಣಿ ಇಟ್ಟು, ಎರಡೂ ಕಡೆಯ ಗುಣಾಂಕ ಹೊಂದಿಸಿದಾಗ ಬಂದದ್ದು ಇದು:

ಯ = 1/2 + ಸ/4 − ಸ³/48 + ಸ⁵/480 − 17ಸ⁷/80640 + 31ಸ⁹/1451520 − …

ಸ = 1 ಹಾಕಿದರೆ 0.73106 ಬರುತ್ತದೆ. ನಿಖರ ಉತ್ತರವೂ 0.73106. ತುಂಬಾ ಖುಷಿಯಾಯಿತು. ಆದರೆ ಸ = 4 ಹಾಕಿದರೆ, ಒಂದೊಂದೇ ಪದ ಸೇರಿಸುತ್ತಾ ಹೋದಾಗ 1.5, 0.17, 2.3, −1.15, 4.44 ಬರುತ್ತಿದೆ. ನಿಜವಾದ ಬೆಲೆ 0.982. ಎಲೆಗಳ ಪಾಲು 1 ದಾಟುವುದೂ ಇಲ್ಲ, ಸೊನ್ನೆಗಿಂತ ಕೆಳಗೆ ಹೋಗುವುದೂ ಇಲ್ಲ. ಪದ ಹೆಚ್ಚಿಸಿದರೆ ಉತ್ತರ ಸುಧಾರಿಸಬೇಕಲ್ವಾ? ಗ್ರಾಫ್ ನೋಡಿದರೆ ಎಲ್ಲೂ ಮುರಿದಿಲ್ಲ, ನುಣುಪಾದ ಎಸ್ ಆಕಾರ. ಹಾಗಿದ್ದರೆ ಶ್ರೇಣಿಗೆ ಏನಾಯಿತು?

ಕುಶಾಲನಗರದ ಪ್ರೋಗ್ರಾಮರ್:

ಗುಣಾಂಕಗಳನ್ನು ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದೆ, ಎಲ್ಲ ಸರಿಯಾಗಿವೆ. ಬೇಕಾದವರಿಗೆ ಸೂತ್ರ ಇಲ್ಲಿದೆ: (ನ + 1)ನೇ ಗುಣಾಂಕವನ್ನು (ನ + 1)ರಿಂದ ಗುಣಿಸಿದರೆ, ನನೇ ಗುಣಾಂಕದಿಂದ ಯ²ದ ನನೇ ಗುಣಾಂಕ ಕಳೆದಷ್ಟು. ನಾಲ್ಕು ಸಾಲಿನ ಲೂಪ್ ಸಾಕು.

ನನ್ನ ಸಲಹೆ: ರುಂಗೆ-ಕುಟ್ಟ ವಿಧಾನ ಬಳಸಿ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಉತ್ತರ ಲೆಕ್ಕ ಹಾಕುವುದು. ಎಲ್ಲ ಲೈಬ್ರರಿಗಳಲ್ಲೂ ರೆಡಿ ಇದೆ. ಶ್ರೇಣಿ ಬೇಕೇ ಬೇಕಾ?

ಗೋಣಿಕೊಪ್ಪ ಮೇಷ್ಟ್ರು:

ಬೇಕು ಅಂತ ನಾನು ಹೇಳುತ್ತೇನೆ. ರುಂಗೆ-ಕುಟ್ಟ ಉತ್ತರದ ಸಂಖ್ಯೆ ಕೊಡುತ್ತದೆ, ಸಮೀಕರಣದ ಒಳಗೆ ಏನು ನಡೆಯುತ್ತಿದೆ ಅಂತ ಹೇಳುವುದಿಲ್ಲ. ಈ ಹುಡುಗಿ ಕೇಳಿದ್ದು ಎರಡನೆಯದನ್ನು.

ನೋಡಮ್ಮಾ, ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ಸ = 4 ಆ ಶ್ರೇಣಿ ತಲುಪಲಾರದ ಜಾಗ, ಅಷ್ಟೇ. ನಿಖರ ಉತ್ತರದ ಛೇದ ನೋಡು: 1 + ಇ^(−ಸ). ಸ ಸಾಮಾನ್ಯ ಸಂಖ್ಯೆಯಾಗಿದ್ದರೆ ಇದು ಯಾವತ್ತೂ ಸೊನ್ನೆಯಾಗುವುದಿಲ್ಲ. ಆದರೆ ಸ ಜಾಗದಲ್ಲಿ ಕಾಂಪ್ಲೆಕ್ಸ್ ಸಂಖ್ಯೆ (√−1 ಸೇರಿದ್ದು, ಸಾಮಾನ್ಯ ಸಂಖ್ಯೆಗಳ ರೇಖೆಯ ಮೇಲೆ ಕೆಳಗೆ ಗುರುತಿಸುವಂಥದ್ದು) ಹಾಕಬಹುದು ಅಂತ ಬಿಟ್ಟರೆ, ಪೈ × √−1 ಹಾಕಿದಾಗ ಛೇದ ಸೊನ್ನೆ. ಅದರ ಕೆಳಗಿನ ಪ್ರತಿಬಿಂಬದಲ್ಲೂ ಸೊನ್ನೆ. ಅಲ್ಲಿ ಯ ಅನಂತಕ್ಕೆ ಹೋಗುತ್ತದೆ. ಸೊನ್ನೆಯಿಂದ ಆ ಜಾಗಕ್ಕೆ ಇರುವ ದೂರ ಪೈ, ಅಂದರೆ 3.14159. ಶ್ರೇಣಿ ಒಮ್ಮುಖವಾಗುವ, ಅಂದರೆ ಪದ ಸೇರಿಸಿದಂತೆ ನಿಜವಾದ ಬೆಲೆಗೆ ಹತ್ತಿರವಾಗುವ, ತ್ರಿಜ್ಯ ಅದೇ. 3ರವರೆಗೆ ನಿಧಾನವಾಗಿಯಾದರೂ ಉತ್ತರ ಬರುತ್ತದೆ. 3.2ಕ್ಕೆ ಸಾವಿರ ಪದ ಹಾಕಿದರೂ ಬರುವುದಿಲ್ಲ.

ಕಾಲೇಜಿನಲ್ಲಿ ಶ್ರೇಣಿ ಬರೆಯುವುದನ್ನು ಕಲಿಸುತ್ತೇವೆ, ಅದು ಎಲ್ಲಿಯವರೆಗೆ ನಡೆಯುತ್ತದೆ ಅನ್ನುವುದನ್ನು ಕೊನೆಯ ಪುಟಕ್ಕೆ ತಳ್ಳುತ್ತೇವೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದೇ. ಎಷ್ಟು ಪದ ಬೇಕು ಅನ್ನುವುದು ಆಮೇಲೆ.

ಚೆಟ್ಟಳ್ಳಿ ವಿದ್ಯಾರ್ಥಿನಿ:

ಧನ್ಯವಾದ ಸರ್. ಆದರೆ ಒಂದು ಮಾತು. ಎಲೆ, ಸಮಯ ಎಲ್ಲ ವಾಸ್ತವ ಸಂಖ್ಯೆಗಳು. ನಾನು ಯಾವತ್ತೂ ಹೋಗದ ದಿಕ್ಕಿನಲ್ಲಿ ಏನೋ ಮುರಿದಿದ್ದರೆ ನನ್ನ ದಾರಿಗೆ ಯಾಕೆ ಅಡ್ಡ ಬರಬೇಕು?

ಗೋಣಿಕೊಪ್ಪ ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಶ್ರೇಣಿಯ ಒಂದು ಪದ ತಗೋ, ಅ₇ಸ⁷ ಅಂತಿಟ್ಟುಕೋ. ಸೊನ್ನೆಯಿಂದ 4 ದೂರದಲ್ಲಿರುವ ಯಾವ ಬಿಂದುವನ್ನೇ ಹಾಕು, ಬಲಕ್ಕಿರಲಿ, ಮೇಲಕ್ಕಿರಲಿ, ಓರೆಯಾಗಿರಲಿ, ಆ ಪದದ ಗಾತ್ರ ಒಂದೇ. ಘಾತಕ್ಕೆ ದೂರ ಮಾತ್ರ ಗೊತ್ತು, ದಿಕ್ಕು ಗೊತ್ತಿಲ್ಲ. ಮೇಲಿನ ದಿಕ್ಕಿನಲ್ಲಿ ಪೈ ದೂರದಲ್ಲಿ ಉತ್ತರ ಅನಂತಕ್ಕೆ ಹೋಗಬೇಕಾದರೆ, ಅಲ್ಲಿ ಪದಗಳು ಬೇಗ ಬೇಗ ಚಿಕ್ಕದಾಗಬಾರದು. ಅಲ್ಲಿ ಚಿಕ್ಕದಾಗದಿದ್ದರೆ ಬಲಗಡೆ ಅಷ್ಟೇ ದೂರದಲ್ಲೂ ಚಿಕ್ಕದಾಗುವುದಿಲ್ಲ. ಅದನ್ನು ದಾಟಿದರೆ ಎಲ್ಲ ದಿಕ್ಕಿನಲ್ಲೂ ಬೆಳೆಯುತ್ತಾ ಹೋಗುತ್ತವೆ.

ಇದಕ್ಕಿಂತ ಸರಳವಾದದ್ದು ಬೇಕಿದ್ದರೆ 1/(1 + ಸ²) ನೋಡು. 1 − ಸ² + ಸ⁴ − … ಅಂತ ಬರೆದರೆ ಸ = 1ರಲ್ಲೇ ನಿಂತುಹೋಗುತ್ತದೆ. ಗ್ರಾಫ್‌ನಲ್ಲಿ ಅಲ್ಲಿ ಏನೂ ಇಲ್ಲ.

ಸೋಮವಾರಪೇಟೆ ಬೆಳೆಗಾರ:

ತುಕ್ಕಿನ ವಿಷಯ ಅಂತ ಬಂದೆ, ಓದುತ್ತಾ ಕೂತುಬಿಟ್ಟೆ. ಎಂಜಿನಿಯರಿಂಗ್ ಓದಿ ತೋಟಕ್ಕೆ ವಾಪಸ್ ಬಂದವನು ನಾನು, ಸ್ವಲ್ಪ ಅರ್ಥವಾಗುತ್ತದೆ.

ಒಂದು ಪ್ರಶ್ನೆ. ಇವರಿಗೆ ನಿಖರ ಉತ್ತರ ಗೊತ್ತಿದೆ, ಹಾಗಾಗಿ ಛೇದ ನೋಡಿ ಪೈ ಅಂದಿರಿ. ಉತ್ತರವೇ ಗೊತ್ತಿಲ್ಲದಿದ್ದರೆ ಆ ತ್ರಿಜ್ಯ ಹೇಗೆ ತಿಳಿಯುತ್ತದೆ?

ಕುಶಾಲನಗರದ ಪ್ರೋಗ್ರಾಮರ್:

ಗುಣಾಂಕಗಳೇ ಹೇಳುತ್ತವೆ. ಪಕ್ಕಪಕ್ಕದ ಎರಡು ಗುಣಾಂಕ ಭಾಗಿಸಿ ನೋಡಿ. ಇಲ್ಲಿ ಒಂದು ಬಿಟ್ಟು ಒಂದು ಸೊನ್ನೆ, ಹಾಗಾಗಿ ಭಾಗಿಸಿ ವರ್ಗಮೂಲ ತೆಗೆಯಬೇಕು. ಚಿಹ್ನೆ ಬಿಟ್ಟು ಲೆಕ್ಕ ಹಾಕಿದರೆ:

ಅ₃/ಅ₅ = 10, ವರ್ಗಮೂಲ 3.162
ಅ₅/ಅ₇ = 9.882, ವರ್ಗಮೂಲ 3.144
ಅ₇/ಅ₉ = 9.871, ವರ್ಗಮೂಲ 3.142

ಇಷ್ಟು ಕಡಿಮೆ ಪದದಲ್ಲೇ ಪೈ ಎದ್ದು ಬಂತು! ಚಿಹ್ನೆ ಪ್ಲಸ್, ಮೈನಸ್ ಅಂತ ಬದಲಾಗುತ್ತಿರುವುದೂ ಸುಳಿವೇ, ತೊಂದರೆ ಇರುವುದು ಬಲಕ್ಕಲ್ಲ, ಮೇಲೆ ಮತ್ತು ಕೆಳಗೆ.

ಗೋಣಿಕೊಪ್ಪ ಮೇಷ್ಟ್ರು:

ಸರಿಯಾಗಿ ಹೇಳಿದಿರಿ. ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಮೀಕರಣ ರೇಖೀಯವಾಗಿದ್ದರೆ, ಅಂದರೆ ಯ, ಯ′ ಎರಡೂ ಒಂದನೇ ಘಾತದಲ್ಲೇ, ಒಂದಕ್ಕೊಂದು ಗುಣಿಸದೆ ಇದ್ದರೆ, ಇಷ್ಟು ಹುಡುಕಾಟವೇ ಬೇಕಿಲ್ಲ. ಉತ್ತರ ಎಲ್ಲಿ ಮುರಿಯಬಹುದು ಅನ್ನುವುದು ಸಮೀಕರಣದ ಗುಣಾಂಕಗಳಲ್ಲೇ ಕಾಣುತ್ತದೆ. ನ್ಯೂಟನ್ 1671ರಲ್ಲಿ ಬರೆದ ಹಸ್ತಪ್ರತಿಯಲ್ಲಿ ಒಂದು ಉದಾಹರಣೆ ಇದೆ, ಅದು ಅಚ್ಚಾದದ್ದು 1736ರಲ್ಲಿ. ನಮ್ಮ ಅಕ್ಷರದಲ್ಲಿ:

ಯ′ = 1 − 3ಸ + ಯ + ಸ² + ಸ·ಯ, ಶುರುವಿನಲ್ಲಿ ಯ = 0

ಉತ್ತರ ಸ − ಸ² + ಸ³/3 − ಸ⁴/6 + ಸ⁵/30 − … ಸಮೀಕರಣದ ಗುಣಾಂಕಗಳೆಲ್ಲ ಬರೀ ಬಹುಪದೋಕ್ತಿ. ಹಾಗಾಗಿ ಈ ಶ್ರೇಣಿ ಎಷ್ಟು ದೂರಕ್ಕೂ ಒಮ್ಮುಖವಾಗುತ್ತದೆ. ಕೈಯಲ್ಲಿ ಮಾಡಿ ನೋಡಿ, ಚೆನ್ನಾಗಿರುತ್ತದೆ.

ರೇಖೀಯವಲ್ಲದಿದ್ದರೆ ಕಥೆ ಬೇರೆ. ಯ′ = ಯ² ತಗೊಳ್ಳಿ. ನೋಡೋಕೆ ಎಷ್ಟು ಸಾಧು! ಶುರುವಿನ ಬೆಲೆ 1 ಆದರೆ ಸ = 1ರಲ್ಲಿ ಅನಂತ. ಶುರುವಿನ ಬೆಲೆ 1/2 ಆದರೆ ಸ = 2ರಲ್ಲಿ. ಮುರಿಯುವ ಜಾಗವೇ ಓಡಾಡುತ್ತದೆ. ಲಾಜಿಸ್ಟಿಕ್ ಕೂಡ ಇದೇ ಜಾತಿ.

ಸೋಮವಾರಪೇಟೆ ಬೆಳೆಗಾರ:

ಈಗ ನನ್ನದೊಂದು. ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ (ತಿರುಳು ತೆಗೆದ, ಒಳಸಿಪ್ಪೆ ಇರುವ ಬೀಜ) ಒಣಗಿಸುತ್ತೇವೆ. ಗಾಳಿಗೆ ಸಮವಾಗುವ ಮಟ್ಟಕ್ಕಿಂತ ಜಾಸ್ತಿ ಇರುವ ತೇವ ಎಷ್ಟಿದೆಯೋ, ಅದಕ್ಕೆ ತಕ್ಕಂತೆ ಒಣಗುವ ವೇಗ. ಆ ಜಾಸ್ತಿ ತೇವವನ್ನು ಯ ಅಂದರೆ, ಸ್ಥೂಲವಾಗಿ ಯ′ = −ಯ, ಶುರುವಿನಲ್ಲಿ ಯ = 1. ಕ್ಯಾಲ್ಕುಲೇಟರ್‌ನಲ್ಲಿ ಹಾಕೋ ಹಾಗೆ ಒಂದು ಚಿಕ್ಕ ಬಹುಪದೋಕ್ತಿ ಬೇಕು, ಎರಡನೇ ಘಾತಕ್ಕೆ ಮುಗಿಯಬೇಕು. ಟೇಲರ್‌ನ 1 − ಸ + ಸ²/2 ಹಾಕಿದರೆ ಸ = 1ರಲ್ಲಿ 0.5 ಬರುತ್ತದೆ. ನಿಜವಾದದ್ದು 0.368. ಇಲ್ಲಿ ತ್ರಿಜ್ಯದ ತೊಂದರೆ ಇಲ್ಲ, ಶ್ರೇಣಿ ಎಲ್ಲ ಕಡೆ ನಡೆಯುತ್ತದೆ. ಆದರೂ ಇಷ್ಟು ವ್ಯತ್ಯಾಸ. ಎರಡನೇ ಘಾತದಲ್ಲಿ ಇದಕ್ಕಿಂತ ಒಳ್ಳೆಯದು ಸಾಧ್ಯವಾ?

ನಾಪೋಕ್ಲು ಅಕ್ಕ:

ಖಂಡಿತ ಸಾಧ್ಯ. ಸಂಖ್ಯಾ ವಿಶ್ಲೇಷಣೆಯಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಟೇಲರ್ ಬಹುಪದೋಕ್ತಿ ತನ್ನೆಲ್ಲ ಶಕ್ತಿಯನ್ನೂ ಒಂದೇ ಬಿಂದುವಿನಲ್ಲಿ ಖರ್ಚು ಮಾಡುತ್ತದೆ. ಸೊನ್ನೆಯ ಹತ್ತಿರ ಅದ್ಭುತ, ದೂರ ಹೋದಂತೆ ತಪ್ಪು ಏರುತ್ತದೆ. ನಿಮಗೆ ಬೇಕಿರುವುದು 0ಯಿಂದ 1ರವರೆಗೆ ಪೂರ್ತಿ. ಹಾಗಿದ್ದರೆ ತಪ್ಪನ್ನು ಇಡೀ ಉದ್ದಕ್ಕೆ ಸಮವಾಗಿ ಹಂಚಬೇಕು. ಕಾರ್ನೀಲಿಯಸ್ ಲ್ಯಾಂಚೋಸ್ 1938ರಲ್ಲಿ ಇದಕ್ಕೊಂದು ಉಪಾಯ ಕೊಟ್ಟರು. ಟೌ ವಿಧಾನ ಅಂತ ಹೆಸರು.

ಉಪಾಯ ಹೀಗೆ. ಯ′ + ಯ = 0 ಅನ್ನು ಎರಡನೇ ಘಾತದ ಬಹುಪದೋಕ್ತಿ ಪೂರ್ತಿ ಪಾಲಿಸುವುದಿಲ್ಲ, ಏನಾದರೂ ಉಳಿಕೆ ಇದ್ದೇ ಇರುತ್ತದೆ. ಟೇಲರ್‌ನದನ್ನು ಹಾಕಿ ನೋಡಿ, ಉಳಿಯುವುದು ಸ²/2. ಶುರುವಿನಲ್ಲಿ ಸೊನ್ನೆ, ಕೊನೆಯಲ್ಲಿ 0.5. ಲ್ಯಾಂಚೋಸ್ ಹೇಳಿದ್ದು, ಉಳಿಕೆ ಇರಲೇಬೇಕಾದರೆ ಅದರ ಆಕಾರ ನಾವೇ ಆರಿಸೋಣ ಅಂತ. ಅವರು ಆರಿಸಿದ್ದು ಚೆಬಿಶೆವ್ ಬಹುಪದೋಕ್ತಿಯನ್ನು. 0ಯಿಂದ 1ರವರೆಗೆ ಎರಡನೇ ಘಾತದ್ದು 8ಸ² − 8ಸ + 1. ಅದು ಎರಡು ತುದಿಯಲ್ಲಿ 1, ನಡುವೆ −1. ಆ ಮಿತಿ ದಾಟುವುದೇ ಇಲ್ಲ.

ಈಗ ಯ = ಅ₀ + ಅ₁ಸ + ಅ₂ಸ² ಇಟ್ಟು, ಯ′ + ಯ = ಟೌ × (8ಸ² − 8ಸ + 1) ಅಂತ ಬರೆಯಿರಿ. ಟೌ ಅಂದರೆ ನಾವು ಕಂಡುಹಿಡಿಯಬೇಕಾದ ಒಂದು ಸಂಖ್ಯೆ. ಸ² ಪದಗಳಿಂದ ಅ₂ = 8 ಟೌ. ಸ ಪದಗಳಿಂದ 2ಅ₂ + ಅ₁ = −8 ಟೌ, ಹಾಗಾಗಿ ಅ₁ = −24 ಟೌ. ಉಳಿದದ್ದರಿಂದ ಅ₁ + ಅ₀ = ಟೌ, ಅಂದರೆ ಅ₀ = 25 ಟೌ. ಶುರುವಿನ ಬೆಲೆ 1 ಆಗಬೇಕು, ಹಾಗಾಗಿ ಟೌ = 1/25. ಮುಗಿಯಿತು:

ಯ = 1 − 0.96ಸ + 0.32ಸ²

ಸ = 1ರಲ್ಲಿ 0.36. ಸ = 0.5ರಲ್ಲಿ 0.60, ನಿಜವಾದದ್ದು 0.6065. ಅತಿ ಹೆಚ್ಚು ತಪ್ಪು ಸ = 0.8ರ ಆಸುಪಾಸಿನಲ್ಲಿ, ಸುಮಾರು 0.0125. ಟೇಲರ್‌ನದು ಕೊನೆಯಲ್ಲಿ 0.132 ತಪ್ಪುತ್ತಿತ್ತು. ಅದೇ ಘಾತ, ಅಷ್ಟೇ ಕೆಲಸ, ಹತ್ತು ಪಟ್ಟು ಉತ್ತಮ!

ಒಂದು ಎಚ್ಚರಿಕೆ. ಸ = 0.1ರಲ್ಲಿ ಟೇಲರ್ 0.905 ಕೊಡುತ್ತದೆ, ನಿಜವಾದದ್ದು 0.9048. ಇದು 0.9072 ಕೊಡುತ್ತದೆ. ಶುರುವಿನ ಹತ್ತಿರ ಮಾತ್ರ ಕೆಲಸ ಇದ್ದರೆ ಟೇಲರೇ ಸರಿ.

ಸೋಮವಾರಪೇಟೆ ಬೆಳೆಗಾರ:

ಮೇಡಂ, ಇದು ಅದ್ಭುತ. ಪೇಪರ್ ಮೇಲೆ ಮಾಡಿ ನೋಡಿದೆ, ಸರಿಯಾಗಿ ಬಂತು.

ಆದರೆ ಕಣದಲ್ಲಿ ಬಿಸಿಲು ಒಂದೇ ಥರ ಇರಲ್ಲ. ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಸುಡು ಬಿಸಿಲು, ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸುತ್ತೇವೆ. ರಾತ್ರಿ ಹೆಚ್ಚುಕಮ್ಮಿ ಒಣಗುವುದೇ ಇಲ್ಲ. ಮೂರು ದಿನಕ್ಕೆ ಒಂದೇ ಬಹುಪದೋಕ್ತಿ ಮಾಡಬಹುದಾ?

ನಾಪೋಕ್ಲು ಅಕ್ಕ:

ಮಾಡಬೇಡಿ. ಬಿಸಿಲು ನಿಧಾನವಾಗಿ ಏರಿಳಿದರೆ ತೊಂದರೆ ಇಲ್ಲ, ಆ ವೇಗವನ್ನೂ ಬಹುಪದೋಕ್ತಿಯಾಗಿ ಬರೆದು ಸಮೀಕರಣದೊಳಗೆ ಸೇರಿಸಬಹುದು. ಆದರೆ ಟಾರ್ಪಾಲ್ ಹೊದಿಸಿದ ಕ್ಷಣದಲ್ಲಿ ಒಣಗುವ ವೇಗ ಥಟ್ಟನೆ ಬದಲಾಗುತ್ತದೆ. ಗ್ರಾಫ್‌ನಲ್ಲಿ ಅಲ್ಲೊಂದು ಮೂಲೆ ಬರುತ್ತದೆ. ಬಹುಪದೋಕ್ತಿಗೆ ಮೂಲೆ ತಿರುಗಲು ಬರುವುದಿಲ್ಲ. ಘಾತ ಎಷ್ಟು ಹೆಚ್ಚಿಸಿದರೂ ಆ ಮೂಲೆಯ ಅಕ್ಕಪಕ್ಕ ಅಲೆ ಏಳುತ್ತದೆ, ತಪ್ಪು ತುಂಬಾ ನಿಧಾನವಾಗಿ ಇಳಿಯುತ್ತದೆ.

ಹೊದಿಸಿದ ಹೊತ್ತಿಗೆ ಒಂದು ತುಂಡು ಮುಗಿಸಿ. ಅಲ್ಲಿ ಬಂದ ಬೆಲೆಯನ್ನು ಮುಂದಿನ ತುಂಡಿನ ಶುರುವಿನ ಬೆಲೆ ಮಾಡಿ. ಪ್ರತಿ ತುಂಡಿಗೂ ಚಿಕ್ಕ ಘಾತ ಸಾಕಾಗುತ್ತದೆ. ತಂಗಿ, ನಿನ್ನ ಪ್ರಾಜೆಕ್ಟ್‌ಗೂ ಇದು ಬೇಕಾಗುತ್ತದೆ. ಬೋರ್ಡೋ ದ್ರಾವಣ ಹೊಡೆದ ದಿನ ರೋಗ ಹರಡುವ ವೇಗ ಬದಲಾಗುತ್ತದೆ ಅಂತ ಇಟ್ಟರೆ, ಆ ದಿನವೇ ಗಡಿ. ಅದರ ಮೇಲೆ ಶ್ರೇಣಿ ಎಳೆಯಬೇಡ.

ಇನ್ನೊಂದು. ಬಿಂದುಗಳನ್ನು ಆರಿಸಿ, ಅಲ್ಲಲ್ಲಿ ಸಮೀಕರಣ ಪಾಲಿಸುವಂತೆ ಮಾಡುವ ವಿಧಾನವೂ ಇದೆ. ಆಗ ಬಿಂದುಗಳನ್ನು ಸಮ ದೂರದಲ್ಲಿ ಇಡುವ ಆಸೆಯಾಗುತ್ತದೆ. 1901ರಲ್ಲಿ ಕಾರ್ಲ್ ರುಂಗೆ ಇದರ ಅಪಾಯ ತೋರಿಸಿದರು. 1/(1 + 25ಸ²) ಅನ್ನು −1ರಿಂದ 1ರವರೆಗೆ ಸಮ ದೂರದ ಬಿಂದುಗಳಲ್ಲಿ ಹೊಂದಿಸುತ್ತಾ ಹೋದರೆ, ಬಿಂದು ಹೆಚ್ಚಿದಷ್ಟೂ ಎರಡು ತುದಿಗಳಲ್ಲಿ ತಪ್ಪು ಬೆಳೆಯುತ್ತದೆ. ಚೆಬಿಶೆವ್ ಬಿಂದುಗಳು ತುದಿಗಳ ಹತ್ತಿರ ದಟ್ಟವಾಗಿರುತ್ತವೆ, ನಡುವೆ ವಿರಳ. ಹಾಗೆ ಇಟ್ಟರೆ ಈ ಕಾಟ ಇಲ್ಲ.

ಚೆಟ್ಟಳ್ಳಿ ವಿದ್ಯಾರ್ಥಿನಿ:

ಅಕ್ಕ, ಹಾಗಾದರೆ ನನ್ನ ಲಾಜಿಸ್ಟಿಕ್‌ಗೂ −4ರಿಂದ 4ರವರೆಗೆ ಚೆಬಿಶೆವ್ ಶ್ರೇಣಿ (ಸ, ಸ² ಬದಲು ಚೆಬಿಶೆವ್ ಬಹುಪದೋಕ್ತಿಗಳನ್ನು ಕೂಡುವ ಶ್ರೇಣಿ) ಹಾಕಿದರೆ ನಡೆಯುತ್ತದಾ? ಆ ಪೈ ದೂರದ ತೊಂದರೆ ಅಲ್ಲೇ ಇದೆಯಲ್ಲ?

ನಾಪೋಕ್ಲು ಅಕ್ಕ:

ಇದೆ, ಆದರೆ ಅಡ್ಡ ಬರುವುದಿಲ್ಲ. ಟೇಲರ್‌ಗೆ ವೃತ್ತ ಬೇಕು. ಚೆಬಿಶೆವ್‌ಗೆ ನಿನ್ನ ಉದ್ದವನ್ನು ಸುತ್ತುವ ಒಂದು ದೀರ್ಘವೃತ್ತ ಸಾಕು, ತೆಳುವಾಗಿದ್ದರೂ ಸರಿ. ಮುರಿಯುವ ಜಾಗ ನೀನು ನಡೆಯುವ ರೇಖೆಯ ಮೇಲೆ ಇಲ್ಲದಿದ್ದರೆ ಅಂಥ ದೀರ್ಘವೃತ್ತ ಸಿಕ್ಕೇ ಸಿಗುತ್ತದೆ. ಬರ್ನ್‌ಸ್ಟೈನ್ 1912ರಲ್ಲಿ ಇದನ್ನು ಸಾಧಿಸಿದರು. ನಿನ್ನ ಲೆಕ್ಕಕ್ಕೆ ಹಾಕಿ ನೋಡಿದೆ: ಪೈಯನ್ನು 4ರಿಂದ ಭಾಗಿಸಿದರೆ 0.785. ಅದರ ವರ್ಗಕ್ಕೆ 1 ಕೂಡಿಸಿ ವರ್ಗಮೂಲ ತೆಗೆದರೆ 1.272. ಎರಡನ್ನೂ ಕೂಡಿದರೆ 2.06. ಅಂದರೆ ಘಾತ ಒಂದು ಹೆಚ್ಚಿಸಿದರೆ ತಪ್ಪು ಸರಿಸುಮಾರು ಅರ್ಧವಾಗುತ್ತದೆ. ಟೇಲರ್ ಸ್ಫೋಟವಾದ ಅದೇ ಸ = 4 ಇದರೊಳಗೇ ಇದೆ.

ಕುಶಾಲನಗರದ ಪ್ರೋಗ್ರಾಮರ್:

ಮೊದಲು ರುಂಗೆ-ಕುಟ್ಟ ಅಂದವನು ನಾನೇ, ಈಗ ಶ್ರೇಣಿ ಬಿಡೋಕೆ ಮನಸ್ಸಾಗುತ್ತಿಲ್ಲ. ಐದನೇ ಘಾತದವರೆಗಿನ ಆ ನಾಲ್ಕೇ ಪದ ಇಟ್ಟುಕೊಂಡು, ಬಹುಪದೋಕ್ತಿ ಬದಲು ಎರಡು ಬಹುಪದೋಕ್ತಿಗಳ ಭಾಗಾಕಾರ ಮಾಡಿದೆ. ಪಾಡೆ ವಿಧಾನ. ಬಂದದ್ದು:

ಯ = 1/2 + ಸ(60 + ಸ²)/(240 + 24ಸ²)

ಸ = 4ಕ್ಕೆ 0.987. ಅದೇ ಪದಗಳನ್ನು ಸುಮ್ನೆ ಕೂಡಿದಾಗ 2.3 ಬಂದಿತ್ತು! ಇನ್ನೂ ಚೆಂದದ್ದು ಛೇದ. ಅದು ಸೊನ್ನೆಯಾಗುವುದು ಸ² = −10 ಆದಾಗ, ಅಂದರೆ √10 = 3.162 ದೂರದಲ್ಲಿ, ನೇರ ಮೇಲೆ ಮತ್ತು ಕೆಳಗೆ. ಮೇಷ್ಟ್ರು ಹೇಳಿದ ಪೈ ಜಾಗವನ್ನು ಇದು ತಾನಾಗಿಯೇ ಹುಡುಕಿಕೊಂಡಿದೆ. ತುಂಬಾ ದೂರ ಹೋಗಬೇಡಿ, ಸ = 20ಕ್ಕೆ 1.43 ಬರುತ್ತದೆ.

ಗೋಣಿಕೊಪ್ಪ ಮೇಷ್ಟ್ರು:

ಎಲ್ಲ ಚೆನ್ನಾಗಿದೆ. ಆದರೆ ಟೇಲರ್‌ನನ್ನು ಮೂಲೆಗೆ ತಳ್ಳಬೇಡಿ. ಒಂದೇ ಹೆಜ್ಜೆಯಲ್ಲಿ 4ಕ್ಕೆ ಹಾರಬೇಕು ಅಂತ ಯಾರು ಹೇಳಿದ್ದು? ಕೇಂದ್ರ ಬದಲಿಸುತ್ತಾ ಹೋಗಬಹುದು. ಸ = 3ರಲ್ಲಿ ಯ = 0.952574 ಅಂತ ಸಿಕ್ಕಿದೆ ಅಂದುಕೊಳ್ಳಿ. ಅಲ್ಲಿಂದ ಹೊಸ ಶ್ರೇಣಿ ಬರೆದು, ನಾಲ್ಕನೇ ಘಾತಕ್ಕೇ ನಿಲ್ಲಿಸಿ, ಒಂದು ಹೆಜ್ಜೆ ಇಟ್ಟೆ:

0.952574 + 0.045177 − 0.020446 + 0.005489 − 0.000780 = 0.982014

ನಿಖರ ಉತ್ತರವೂ ಆರು ಸ್ಥಾನದವರೆಗೆ ಇದೇ. ಬಲಕ್ಕೆ ಹೋದಂತೆ ಆ ಮುರಿದ ಜಾಗಗಳಿಂದ ದೂರ ಸರಿಯುತ್ತೇವೆ, ತ್ರಿಜ್ಯ ತಾನಾಗಿ ದೊಡ್ಡದಾಗುತ್ತದೆ. ಸೊನ್ನೆಯಲ್ಲಿ 3.14 ಇದ್ದದ್ದು ಸ = 3ರಲ್ಲಿ 4.34.

ಇನ್ನೊಂದು ತಪ್ಪು ತಿಳುವಳಿಕೆ ಹೋಗಬೇಕು. ಒಮ್ಮುಖವಾದರೆ ಸಾಕು, ಕೆಲಸ ಆಯಿತು ಅಂತ ಹಲವರು ನಂಬುತ್ತಾರೆ. ಕಾಮನಬಿಲ್ಲಿನ ಅಂಚಿನ ಬೆಳಕನ್ನು ಲೆಕ್ಕ ಹಾಕಲು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ 1838ರಲ್ಲಿ ಒಂದು ಅನುಕಲವನ್ನು (ಇಂಟೆಗ್ರಲ್) ಬಳಸಿದರು. ಅದು ಪಾಲಿಸುವ ಸಮೀಕರಣ ಯ″ = ಸ·ಯ (ಯ″ ಅಂದರೆ ಯ′ ಬದಲಾಗುವ ವೇಗ). ಇದರ ಶ್ರೇಣಿ ಎಲ್ಲ ಕಡೆ ಒಮ್ಮುಖ. ಆದರೂ ದೂರ ಹೋದಂತೆ ದೊಡ್ಡ ದೊಡ್ಡ ಪದಗಳು ಒಂದನ್ನೊಂದು ಹೊಡೆದುಹಾಕಬೇಕಾಗುತ್ತದೆ, ಕೈಲೆಕ್ಕದಲ್ಲಿ ಅದು ಸಾಧ್ಯವೇ ಇಲ್ಲದಷ್ಟು ಕಷ್ಟ. 1850ರಲ್ಲಿ ಸ್ಟೋಕ್ಸ್ ಒಮ್ಮುಖವಾಗದ ಶ್ರೇಣಿಯೊಂದನ್ನು ಬಳಸಿ, ಸರಿಯಾದ ಪದದಲ್ಲಿ ನಿಲ್ಲಿಸಿ, ಕಪ್ಪು ಪಟ್ಟಿಗಳ ಮೊದಲ 50 ಜಾಗಗಳನ್ನು ಲೆಕ್ಕ ಹಾಕಿಬಿಟ್ಟರು.

ಸೋಮವಾರಪೇಟೆ ಬೆಳೆಗಾರ:

ಕಕ್ಕಡದಲ್ಲಿ ಮಳೆ ಬಿಟ್ಟು ಬಿಸಿಲು ಬಂದಾಗ ಕಾಣುವ ಬಿಲ್ಲಿನ ಒಳಗಡೆ ತೆಳು ಪಟ್ಟಿಗಳಿರುತ್ತವಲ್ಲ, ಅದರದೇ ಲೆಕ್ಕವಾ ಸರ್?

ಗೋಣಿಕೊಪ್ಪ ಮೇಷ್ಟ್ರು:

ಅದರದೇ. ಹನಿ ಚಿಕ್ಕದಾಗಿದ್ದಷ್ಟೂ ಆ ಪಟ್ಟಿಗಳು ಅಗಲವಾಗಿ ಕಾಣುತ್ತವೆ.

ಚೆಟ್ಟಳ್ಳಿ ವಿದ್ಯಾರ್ಥಿನಿ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಸಿಂಪಡಣೆಯ ದಿನಗಳಲ್ಲಿ ಕಾಲವನ್ನು ತುಂಡು ಮಾಡುತ್ತೇನೆ. ಪ್ರತಿ ತುಂಡಿಗೂ ಮೊದಲು ಟೇಲರ್ ಗುಣಾಂಕದಿಂದ ತ್ರಿಜ್ಯ ಅಂದಾಜು ಮಾಡಿ, ಆಮೇಲೆ ಚೆಬಿಶೆವ್ ಹಾಕುತ್ತೇನೆ.

ಕೊನೆಯ ಪ್ರಶ್ನೆ. ನಿಜವಾದ ತೋಟದಲ್ಲಿ ಅರ್ಧ ಎಲೆಗೆ ರೋಗ ಬರುವವರೆಗೆ ಯಾರೂ ಕಾಯುವುದಿಲ್ಲ. ನೂರರಲ್ಲಿ ಒಂದು ಎಲೆ, ಯ = 0.01ರಿಂದ ಶುರು ಮಾಡಿದರೆ ತ್ರಿಜ್ಯ ಬದಲಾಗುತ್ತದೆ ಅಲ್ವಾ?

ಗೋಣಿಕೊಪ್ಪ ಮೇಷ್ಟ್ರು:

ಬದಲಾಗುತ್ತದೆ. 0.01ರಿಂದ ಅರ್ಧಕ್ಕೆ ಬರಲು ಬೇಕಾದ ಸಮಯ 99ರ ಸಹಜ ಲಾಗರಿದಮ್, ಅಂದರೆ 4.595. ಮುರಿದ ಜಾಗ ಈಗ ಅಷ್ಟು ಬಲಕ್ಕೆ, ಪೈಯಷ್ಟು ಮೇಲಕ್ಕೆ ಇದೆ. ಪೈಥಾಗೊರಸ್ ಹಾಕಿದರೆ ದೂರ 5.57. ರೋಗ ಶೇಕಡ 72ಕ್ಕೆ ಏರುವ ಹೊತ್ತಿನವರೆಗೆ ಶ್ರೇಣಿ ನಡೆಯುತ್ತದೆ, ತುದಿಯ ಹತ್ತಿರ ತುಂಬಾ ನಿಧಾನವಾಗಿ. ಇದು ನಮ್ಮ ಅಳತೆಯ ಸಮಯ. ಹರಡುವ ವೇಗ ದಿನಕ್ಕೆ 0.1 ಅಂತ ಇಟ್ಟರೆ 5.57 ಅಂದರೆ ಸುಮಾರು 56 ದಿನ.

ಒಂದು ಜಾಗ್ರತೆ. ಈಗ ಮುರಿದ ಜಾಗಗಳು ಓರೆಯಾಗಿವೆ. ಹಾಗಾಗಿ ಪಕ್ಕಪಕ್ಕದ ಗುಣಾಂಕ ಭಾಗಿಸಿದರೆ ಸಂಖ್ಯೆ ಕುಣಿಯುತ್ತಲೇ ಇರುತ್ತದೆ, ನಿಲ್ಲುವುದಿಲ್ಲ. ನನೇ ಗುಣಾಂಕದ ಗಾತ್ರಕ್ಕೆ ನನೇ ಮೂಲ ತೆಗೆದು, ಅದರ ವಿಲೋಮ ನೋಡು. ಅದೂ ಸ್ವಲ್ಪ ಅಲುಗಾಡುತ್ತದೆ, ಆದರೆ 30, 40 ಪದ ದಾಟಿದ ಮೇಲೆ 5.57ರ ಆಸುಪಾಸಿಗೆ ಬರುತ್ತದೆ. ಬಂದ ಸಂಖ್ಯೆಗಳನ್ನು ಇಲ್ಲೇ ಹಾಕು, ಒಟ್ಟಿಗೆ ನೋಡೋಣ.